ಪೈಪಿಗೆ ಅವಸರ ಒಗ್ಗಲ್ಲ: ಅರಸು, ಹುಣಸೂರಿನ ಹೊಗೆಸೊಪ್ಪು ಮತ್ತು ಕೊಡಗಿನ ತೋಟದ ಗೇಟು

ಬೀಡಿಗೆ ಮೂರು ನಿಮಿಷ ಸಾಕು. ಸಿಗರೇಟಿಗೆ ಐದಾರು. ಪೈಪಿಗೆ ಕಡಿಮೆ ಅಂದ್ರೂ ಮುಕ್ಕಾಲು ಗಂಟೆ ಬೇಕು. ಈ ವ್ಯತ್ಯಾಸದಲ್ಲೇ ಅರ್ಧ ಸಮಾಜಶಾಸ್ತ್ರ ಅಡಗಿದೆ. ಮುಕ್ಕಾಲು ಗಂಟೆ ಸುಮ್ಮನೆ ಕೂರುವಷ್ಟು ಪುರುಸೊತ್ತು ಯಾರಿಗಿರುತ್ತೆ? ಕೊಡಗಿನ ತೋಟದಲ್ಲಿ ಕಾಫಿ ಕುಯ್ಯುವ ಹೆಂಗಸಿಗೆ ಇರಲ್ಲ. ಅವಳಿಗೆ ಎಲೆ ಅಡಿಕೆ ಜೊತೆ ಒಂದು ಚೂರು ಹೊಗೆಸೊಪ್ಪು, ಅದೂ ಕೈ ಕೆಲಸ ಮಾಡ್ತಾ ಇರುವಾಗಲೇ. ಮರ ಹತ್ತಿ ನೆರಳು ಬಿಡಿಸುವವನಿಗೆ ಬೀಡಿ. ಪೈಪು ಮಾತ್ರ ಬಂಗಲೆಯ ಜಗಲಿಗೆ ಸೇರಿದ್ದು. 1854ರಲ್ಲಿ ಮಡಿಕೇರಿಯ ಹತ್ತಿರ ಯುರೋಪಿಯನ್ನರ ಮೊದಲ ಕಾಫಿ ಎಸ್ಟೇಟ್ ಶುರುವಾಯಿತು. ಎಸ್ಟೇಟಿನ ಹಿಂದೆಯೇ ಆ ಜಗಲಿ, ಅದರ ಮೇಲಿನ ಆರಾಮಕುರ್ಚಿ, ಕುರ್ಚಿಯಲ್ಲಿ ಕೂತವನ ಬಾಯಲ್ಲಿ ಪೈಪು ಎಲ್ಲ ಬಂದವು. ಬ್ರಿಟಿಷರು ಹೋದರು, ಕುರ್ಚಿ ಉಳಿಯಿತು.

ಆದರೆ ಕರ್ನಾಟಕದಲ್ಲಿ ಪೈಪು ಅಂದ ತಕ್ಷಣ ನೆನಪಾಗೋ ಮುಖ ಯಾವ ಪ್ಲಾಂಟರ್‌ದೂ ಅಲ್ಲ, ನಿವೃತ್ತ ಕರ್ನಲ್‌ದೂ ಅಲ್ಲ. ಜಮೀನುದಾರನ ಹೆಸರಲ್ಲಿದ್ದ ಭೂಮಿಯನ್ನು ಗೇಣಿದಾರನ ಹೆಸರಿಗೆ ಬರೆಸಿದ ಮುಖ್ಯಮಂತ್ರಿಯದ್ದು. ದಪ್ಪ ಫ್ರೇಮಿನ ಕನ್ನಡಕ, ಬಿಳಿ ಬಟ್ಟೆ, ಕೈಯಲ್ಲೋ ತುಟಿಯಲ್ಲೋ ಪೈಪು. ಡಿ. ದೇವರಾಜ ಅರಸು. ಅವರ ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ ದಾಟಿಯೇ ಕುಶಾಲನಗರದ ಸೇತುವೆ ಹತ್ತುತ್ತೆ. ಅಂದರೆ ಕೊಡಗಿನ ಬಾಗಿಲಲ್ಲೇ ಇದ್ದ ಮನುಷ್ಯ. ಅವರ ರಾಜಕೀಯ ಆ ಬಾಗಿಲಿನ ಎಷ್ಟು ಒಳಗೆ ಹೋಯಿತು ಅನ್ನೋದನ್ನ ನೋಡೋಣ. ಅದಕ್ಕೆ ಮೊದಲು ಪೈಪಿನ ವಿಷಯ ಸ್ವಲ್ಪ ತಿಳ್ಕೋಬೇಕು.

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಹಾರಿದ ನನ್ನಂಥವರಿಗೆ ಪೈಪು ಒಂದು ಪುಟ್ಟ ಬಾಯ್ಲರ್ ಥರ ಕಾಣುತ್ತೆ. ಇಂಧನ, ಗಾಳಿ, ತೇವ, ಶಾಖ. ಈ ನಾಲ್ಕರ ಲೆಕ್ಕ ಸರಿ ಕೂತರೆ ಸುಖ, ಒಂದು ತಪ್ಪಿದರೂ ನಾಲಿಗೆ ಸುಡುತ್ತೆ. ಒಳ್ಳೆ ಪೈಪಿನ ಬಟ್ಟಲನ್ನು ಬ್ರೈಯರ್ ಅನ್ನೋ ಮರದಿಂದ ಮಾಡ್ತಾರೆ. ಅದು ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯೋ ಒಂದು ಪೊದೆಗಿಡದ ಬುಡದ ಗಂಟು. ಗಟ್ಟಿ, ಬೆಂಕಿಗೆ ಬೇಗ ಬಗ್ಗಲ್ಲ, ತೇವವನ್ನು ಹೀರಿಕೊಳ್ಳುತ್ತೆ. ಗಂಟನ್ನು ಅಗೆದು, ನೀರಲ್ಲಿ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆಯೇ ಕೊರೆಯೋದು.

ಸೊಪ್ಪು ತುಂಬೋದೇ ಒಂದು ವಿದ್ಯೆ. ಒಂದೇ ಸಲ ಗಿಡಿದು ತುಂಬೋ ಹಾಗಿಲ್ಲ, ಮೂರು ಪದರ ಮಾಡಬೇಕು. ತಳದಲ್ಲಿ ಸಡಿಲ, ಮಗು ಒತ್ತಿದ ಹಾಗೆ. ನಡುವೆ ಇನ್ನೊಂದು ಸ್ವಲ್ಪ ಬಿಗಿ. ಮೇಲಿನದು ಗಟ್ಟಿ. ತಳ ಬಿಗಿಯಾದರೆ ಗಾಳಿ ಆಡಲ್ಲ, ಎಳೆದಷ್ಟೂ ಕೆನ್ನೆ ಒಳಗೆ ಹೋಗುತ್ತೆ ಹೊರತು ಹೊಗೆ ಬರಲ್ಲ. ಮೇಲೆ ಸಡಿಲವಾದರೆ ಧಗ್ ಅಂತ ಉರಿದು ಹೋಗುತ್ತೆ. ಮೊದಲ ಕಡ್ಡಿ ಗೀರಿದಾಗ ಸೊಪ್ಪು ಉಬ್ಬಿ ಮೇಲೆದ್ದು ಬರುತ್ತೆ. ಅದನ್ನ ಹಗುರವಾಗಿ ಒತ್ತಿ ಸಮ ಮಾಡಿ ಎರಡನೇ ಕಡ್ಡಿ ಗೀರಬೇಕು. ನಿಜವಾದ ಬೆಂಕಿ ಹತ್ತೋದು ಆಗಲೇ. ಆಮೇಲೆ ಮಾಡಬೇಕಾದ್ದು ಬಹಳ ಕಡಿಮೆ: ಸಣ್ಣ ಸಣ್ಣ ಗುಟುಕಿನ ಹಾಗೆ ಎಳೆಯೋದು, ನಡುನಡುವೆ ಬೂದಿಯನ್ನ ಒತ್ತೋದು, ಕೆಂಡ ಆರದ ಹಾಗೆ ಆದರೆ ಉರಿಯದ ಹಾಗೆ ಕಾಪಾಡೋದು. ಹೊಸಬರು ಮಾಡೋ ತಪ್ಪು ಒಂದೇ, ಆರಿಹೋಗುತ್ತೇನೋ ಅನ್ನೋ ಭಯಕ್ಕೆ ಜೋರಾಗಿ ಎಳೆಯೋದು. ಆಗ ಬಟ್ಟಲು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ, ಬಾಯಿ ತುಂಬ ಕಹಿ ನೀರು. ಆರಿದರೆ ಮತ್ತೆ ಹಚ್ಚಬಹುದು, ಅದು ಅವಮಾನ ಅಲ್ಲ.

ಯುರೋಪಿನಲ್ಲಿ ಇದಕ್ಕೇ ಪಂದ್ಯಗಳಿವೆ. ಎಲ್ಲರಿಗೂ 3 ಗ್ರಾಂ ಸೊಪ್ಪು, ಎರಡು ಬೆಂಕಿಕಡ್ಡಿ. ಯಾರ ಕೆಂಡ ಕೊನೇತನಕ ಉಳಿಯುತ್ತೋ ಅವರು ಗೆದ್ದ ಹಾಗೆ. ಆ 3 ಗ್ರಾಮನ್ನು ಮೂರು ಗಂಟೆಗೂ ಮೀರಿ ಎಳೆದ ದಾಖಲೆಗಳಿವೆ. ಬಲ ಇದ್ದವನು ಅಲ್ಲಿ ಗೆಲ್ಲಲ್ಲ.

ಇನ್ನೊಂದು ಕೆಮಿಸ್ಟ್ರಿ ಇದೆ. ಬೇಗೆಯಲ್ಲಿ ಹದ ಮಾಡಿದ ವರ್ಜೀನಿಯಾ ಸೊಪ್ಪಿನಲ್ಲಿ ಸಕ್ಕರೆ ಅಂಶ ಜಾಸ್ತಿ, ಅದರ ಹೊಗೆ ಆಮ್ಲೀಯ. ಆ ಹೊಗೆಯಲ್ಲಿರೋ ನಿಕೋಟಿನ್ ಬಾಯಲ್ಲಿ ಸರಿಯಾಗಿ ಇಂಗಲ್ಲ, ಶ್ವಾಸಕೋಶಕ್ಕೇ ಎಳೀಬೇಕು. ಸಿಗರೇಟಿನ ಕಥೆ ಅದು. ಗಾಳಿಯಲ್ಲಿ ಒಣಗಿಸಿದ ಸೊಪ್ಪಿನ ಹೊಗೆ ಕ್ಷಾರೀಯ, ನಿಕೋಟಿನ್ ಬಾಯಿಯ ಒಳಗಿನ ಚರ್ಮದಿಂದಲೇ ನಿಧಾನವಾಗಿ ರಕ್ತಕ್ಕೆ ಸೇರುತ್ತೆ. ಪೈಪಿನವರು ಹೊಗೆಯನ್ನ ಒಳಗೆ ಎಳೀದೇ ಬಾಯಲ್ಲಿ ಆಡಿಸಿ ಬಿಡೋದು ಅದಕ್ಕೇ. ಒಳಗೆ ಎಳೆಯಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅಂತ ಯಾರೂ ತಿಳೀಬೇಡಿ. ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರಿಗೆ ಪೈಪು ನೇರ ದಾರಿ. ಈ ಬರಹ ಓದಿ ಯಾರಾದ್ರೂ ಪೈಪು ಕೊಳ್ಳೋಕೆ ಹೊರಟರೆ ನನಗೆ ಬೇಜಾರಾಗುತ್ತೆ.

ಸರಿ, ಅರಸು ಕಥೆಗೆ ಬರೋಣ.

1915ರ ಆಗಸ್ಟ್ 20ರಂದು ಹುಟ್ಟಿದ್ದು. ಅರಸು ಸಮುದಾಯ ಮೈಸೂರಿನ ರಾಜಮನೆತನಕ್ಕೆ ನೆಂಟಸ್ತಿಕೆಯ ನಂಟಿರುವಂಥದ್ದು, ಸಂಖ್ಯೆಯಲ್ಲಿ ಮಾತ್ರ ತೀರಾ ಸಣ್ಣದು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗ ನೌಕರಿ ಹುಡುಕಲಿಲ್ಲ. ಕಲ್ಲಹಳ್ಳಿಗೆ ವಾಪಸ್ ಬಂದು ಬೇಸಾಯಕ್ಕೆ ಇಳಿದ. ತಮ್ಮ ಕೆಂಪರಾಜ ಅರಸು ಸಿನಿಮಾ ಕಡೆ ಹೋಗಿ ನಟ, ನಿರ್ದೇಶಕ ಆದ. ಅಣ್ಣ ಮಣ್ಣಿನಲ್ಲೇ ಉಳಿದ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆ, 1942ರ ಚಳವಳಿಯಲ್ಲಿ ಜೈಲು. 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಬಂದವರು ಚುನಾವಣೆ ಮೇಲೆ ಚುನಾವಣೆ ಗೆದ್ದರು.

ಅದೇ 1952ರಲ್ಲಿ ಪಕ್ಕದ ಕೊಡಗು ಇನ್ನೂ ಬೇರೆ ರಾಜ್ಯ. 24 ಸದಸ್ಯರ ಪುಟ್ಟ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಅದು ವಿಶಾಲ ಮೈಸೂರಿನಲ್ಲಿ ಸೇರಿಹೋಯಿತು. ಅಲ್ಲಿಂದ ಮುಂದಿನ ಹದಿನಾರು ವರ್ಷ ಆ ದೊಡ್ಡ ರಾಜ್ಯವನ್ನ ಆಳಿದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ ಎಲ್ಲರೂ ಲಿಂಗಾಯತರು. ಮಂತ್ರಿಮಂಡಲದಲ್ಲಿ, ಪಕ್ಷದಲ್ಲಿ ಎರಡನೇ ದೊಡ್ಡ ಪಾಲು ಒಕ್ಕಲಿಗರದ್ದು. ಜನಸಂಖ್ಯೆಯಲ್ಲಿ ಯಾವ ಲೆಕ್ಕಕ್ಕೂ ಬಾರದ ಜಾತಿಯ ಅರಸು ಈ ಹದಿನಾರು ವರ್ಷ ಏನು ಮಾಡಿದರು ಅಂದ್ರೆ, ಕಾದರು. ಮಂತ್ರಿಯಾದರು, ಬದಿಗೂ ಸರಿದರು. ಓದಿದರು, ಪುಸ್ತಕದ ಹುಚ್ಚು ಅವರಿಗೆ ಕೊನೇವರೆಗೂ ಇತ್ತು.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಇಂದಿರಾ ಗಾಂಧಿಯವರ ಎದುರಿಗೆ ನಿಂತ ಹಿರಿಯರ ಬಣದ ಅಧ್ಯಕ್ಷರೇ ನಮ್ಮ ನಿಜಲಿಂಗಪ್ಪ. ರಾಜ್ಯದ ಸರ್ಕಾರ, ಪಕ್ಷದ ಕಚೇರಿ, ದುಡ್ಡು ಎಲ್ಲವೂ ಆ ಕಡೆ. ಅರಸು ಈ ಕಡೆ ಬಂದರು. ಬಹಳ ಜನ ಇದನ್ನ ಜೂಜು ಅಂತಾರೆ. ನನಗೆ ಹಾಗನ್ನಿಸಲ್ಲ. ಖಾಲಿ ಬಟ್ಟಲು ಸಿಕ್ಕಿತ್ತು, ಅದನ್ನ ತಮಗೆ ಬೇಕಾದ ಹಾಗೆ ತುಂಬುವ ಅವಕಾಶ ಅದು. ಹಳೇ ಕಾಂಗ್ರೆಸ್ಸಿನಲ್ಲಿ ಟಿಕೆಟ್ ಸಿಗದಿದ್ದ ಜಾತಿಗಳ ಹುಡುಗರನ್ನ ಜಿಲ್ಲೆ ಜಿಲ್ಲೆಯಿಂದ ಹುಡುಕಿ ತಂದರು. 1971ರ ಲೋಕಸಭೆಯಲ್ಲಿ ರಾಜ್ಯದ 27ಕ್ಕೆ 27 ಸೀಟೂ ಬಂತು. 1972ರಲ್ಲಿ ವಿಧಾನಸಭೆಯ 216ರಲ್ಲಿ 165. ಆ ಸಲ ಮೊದಲ ಬಾರಿ ಗೆದ್ದು ಬಂದವರಲ್ಲಿ ಗುರುಮಠಕಲ್‌ನ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದ ವೀರಪ್ಪ ಮೊಯಿಲಿ, ಜೇವರ್ಗಿಯ ಧರ್ಮಸಿಂಗ್ ಇದ್ದರು. ಕೊಡಗಿನ ಸೋಮವಾರಪೇಟೆಯಿಂದ ಬಂದವರು ಆರ್. ಗುಂಡೂರಾವ್, ಕುಶಾಲನಗರದ ಪುರಸಭೆಯಿಂದ ಮೇಲೆದ್ದ ಚುರುಕು ಯುವಕ. ಈ ಹೆಸರನ್ನ ನೆನಪಿಟ್ಟುಕೊಳ್ಳಿ.

1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿ. ಅಲ್ಲಿಂದ ಮುಂದಿನದ್ದು ಪದರ ಪದರವಾಗಿ ನಡೆದ ಕೆಲಸ. ಆ ವರ್ಷವೇ ಎಲ್.ಜಿ. ಹಾವನೂರ್ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ. ಬೆಂಕಿ ಹಚ್ಚಲಿಲ್ಲ, ಮೂರು ವರ್ಷ ಆಯೋಗ ಊರೂರು ಸುತ್ತಲಿ ಅಂತ ಬಿಟ್ಟರು. 1975ರ ಕೊನೆಗೆ ವರದಿ ಬಂತು, 1977ರಲ್ಲಿ ಮೀಸಲಾತಿ ಆದೇಶ. ನಡುವೆ 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯಿತು. ಮಲ ಹೊರುವ ಪದ್ಧತಿಯ ವಿರುದ್ಧ ಮಂತ್ರಿ ಬಿ. ಬಸವಲಿಂಗಪ್ಪ ನಿಂತರು. ಅದೇ ಬಸವಲಿಂಗಪ್ಪನವರು ಬೂಸಾ ಗಲಾಟೆಯಲ್ಲಿ ಸಿಕ್ಕಿಕೊಂಡಾಗ ಅವರು ಸಂಪುಟದಿಂದ ಹೊರಗೆ ಹೋಗಬೇಕಾಯ್ತು. ಆ ದಿನ ಅರಸು ಅವರನ್ನ ಉಳಿಸಿಕೊಳ್ಳಬೇಕಿತ್ತು ಅನ್ನೋರ ಪೈಕಿ ನಾನೂ ಒಬ್ಬ. ನಿಧಾನಕ್ಕೂ ಒಂದು ಬೆಲೆ ಇರುತ್ತೆ, ಅದನ್ನ ಸಾಮಾನ್ಯವಾಗಿ ಕಟ್ಟೋದು ಬೇರೆಯವರು.

ಎಲ್ಲಕ್ಕಿಂತ ದೊಡ್ಡದು ಭೂಮಿ. ಭೂಸುಧಾರಣೆ ಕಾನೂನು 1961ರದ್ದೇ ಇತ್ತು, ತೂತುಗಳ ಸಮೇತ. ಅರಸು ಸರ್ಕಾರದ ತಿದ್ದುಪಡಿ ಆ ತೂತುಗಳನ್ನ ಮುಚ್ಚಿತು. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಎಲ್ಲ ಭೂಮಿ ಸರ್ಕಾರಕ್ಕೆ ಸೇರಿದ್ದು ಅಂತ ಕಾನೂನೇ ಹೇಳಿಬಿಟ್ಟಿತು. ಉಳುವವನು 7ನೇ ನಂಬರ್ ಫಾರಂ ತುಂಬಿ ಕೊಡಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ತೀರ್ಮಾನಿಸಬೇಕು. ಆ ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಸರ್ಕಾರ ಹೆಸರಿಸಿದ ನಾಲ್ಕು ಜನ. ಅದರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರಿಗೆ ಪ್ರವೇಶ ಇಲ್ಲ. ಈ ಕೊನೇ ವಾಕ್ಯವನ್ನ ಇನ್ನೊಂದು ಸಲ ಓದಿ. ಜಮೀನುದಾರ ಮತ್ತು ಗೇಣಿದಾರ ಒಂದೇ ಬೆಂಚಿನ ಮುಂದೆ, ಇಬ್ಬರೂ ತಮ್ಮ ತಮ್ಮ ಬಾಯಲ್ಲೇ ಮಾತಾಡಬೇಕು. ಫಾರಂ ಕೊಡೋಕೆ ಇದ್ದ ಗಡುವನ್ನ ಮತ್ತೆ ಮತ್ತೆ ವಿಸ್ತರಿಸಿ 1979ರ ಜೂನ್ 30ರ ತನಕ ಎಳೆದರು. ಸುಮಾರು ಎಂಟು ಲಕ್ಷ ಅರ್ಜಿ ಬಂದವು, ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ಇತ್ಯರ್ಥ ಆದವು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇವತ್ತು ನಿಮಗೆ ಕಾಣೋ ಎಷ್ಟೋ ಡಾಕ್ಟರು, ಎಂಜಿನಿಯರು, ಮೇಷ್ಟ್ರ ಮನೆಗಳ ಹಿಂದೆ ಆ ಒಂದು ಹಾಳೆ ಇದೆ.

ಗಡುವು ವಿಸ್ತರಿಸೋದು ನೋಡೋಕೆ ಸೋಮಾರಿತನದ ಥರ ಇದೆ. ಆದರೆ ಹೆದರಿದ ಗೇಣಿದಾರ ಮೊದಲ ವರ್ಷ ಬರಲ್ಲ. ಪಕ್ಕದವನಿಗೆ ಸಿಕ್ಕಿದ್ದನ್ನ ನೋಡಿ ಎರಡನೇ ವರ್ಷ ಬರ್ತಾನೆ. ಧಣಿ ಸತ್ತ ಮೇಲೆ ಮೂರನೇ ವರ್ಷ ಬರ್ತಾನೆ. ಕೆಂಡವನ್ನ ಐದು ವರ್ಷ ಆರದ ಹಾಗೆ ಇಟ್ಟಿದ್ದರ ಫಲ ಅದು.

ಈಗ ಕೊಡಗು. ಈ ಕಾನೂನು ಕುಶಾಲನಗರದ ಸೇತುವೆ ದಾಟಿ ಒಳಗೆ ಹೋದಾಗ ಏನಾಯ್ತು? ಗದ್ದೆಗಳ ತನಕ ಹೋಯಿತು. ಅಲ್ಲೂ ಪೂರ್ತಿ ಅಲ್ಲ, ಯಾಕಂದ್ರೆ ಸೈನಿಕನ ಜಮೀನಿಗೆ ಕಾನೂನಿನಲ್ಲೇ ವಿಶೇಷ ರಿಯಾಯಿತಿ ಇತ್ತು. ಮನೆಗೊಬ್ಬರು ಸೇನೆಯಲ್ಲಿರೋ ನಾಡಿನಲ್ಲಿ ಅದರ ಅರ್ಥ ಏನು ಅಂತ ನೀವೇ ಊಹಿಸಿ. ಗದ್ದೆ ದಾಟಿ ತೋಟದ ಗೇಟಿಗೆ ಬಂದಾಗ ಕಾನೂನು ನಿಂತೇಬಿಟ್ಟಿತು. 104ನೇ ಸೆಕ್ಷನ್ ಪ್ಲಾಂಟೇಶನ್‌ಗಳನ್ನ ಹೊರಗಿಟ್ಟಿದೆ. ಕಾಫಿ, ಏಲಕ್ಕಿ, ಮೆಣಸು, ಟೀ, ರಬ್ಬರ್ ಇದ್ದಲ್ಲಿ ಭೂಮಿತಿ ಇಲ್ಲ. ಬಯಲುಸೀಮೆಯ ರೈತನ ಐದು ಜನರ ಕುಟುಂಬಕ್ಕೆ ಒಣಭೂಮಿ 54 ಎಕರೆ ಅಂತ ಮಿತಿ ಹಾಕಿದ ಅದೇ ಕಾಯ್ದೆ, ಸಾವಿರ ಎಕರೆ ಕಾಫಿ ಎಸ್ಟೇಟಿನ ಮುಂದೆ ಟೋಪಿ ತೆಗೆದು ನಿಂತಿತು.

ಇದನ್ನ ಅರಸು ಒಬ್ಬರ ತಲೆಗೆ ಕಟ್ಟೋದು ಸರಿಯಲ್ಲ. 1972ರಲ್ಲಿ ದೇಶಕ್ಕೆಲ್ಲ ಹೊರಬಿದ್ದ ಭೂಮಿತಿ ಮಾರ್ಗಸೂಚಿಯೇ ಪ್ಲಾಂಟೇಶನ್‌ಗಳಿಗೆ ವಿನಾಯಿತಿ ಕೊಟ್ಟಿತ್ತು. ಕಾಫಿ ವಿದೇಶಿ ವಿನಿಮಯ ತರೋ ಬೆಳೆ, ತುಂಡು ಮಾಡಿದರೆ ಇಳುವರಿ ಬೀಳುತ್ತೆ ಅನ್ನೋ ವಾದ ದೆಹಲಿಯಿಂದ ಹಿಡಿದು ಮಡಿಕೇರಿಯ ಕ್ಲಬ್ಬಿನ ತನಕ ಒಂದೇ ಧ್ವನಿಯಲ್ಲಿತ್ತು. ಆದರೆ ಅರಸು ಅದನ್ನ ಮುಟ್ಟೋಕೂ ಹೋಗಲಿಲ್ಲ ಅನ್ನೋದೂ ನಿಜ. ಗೇಣಿದಾರರ ಬಳಿ ವೋಟೂ ಇತ್ತು, ಹಕ್ಕು ಕೇಳೋಕೆ ಒಂದು ತುಂಡು ಭೂಮಿಯೂ ಇತ್ತು. ತೋಟದ ಲೈನ್ ಮನೆಯಲ್ಲಿದ್ದ ಯರವರಿಗೆ, ಜೇನುಕುರುಬರಿಗೆ, ಬೆಟ್ಟಕುರುಬರಿಗೆ ಗೇಣಿ ಅನ್ನೋದೇ ಇರಲಿಲ್ಲ. ಅವರು ಯಾವ ಸರ್ವೆ ನಂಬರಿಗೆ 7ನೇ ಫಾರಂ ತುಂಬಬೇಕಿತ್ತು? ಕೇಂದ್ರದ ಜೀತ ರದ್ದತಿ ಕಾನೂನು, ರಾಜ್ಯದ 1976ರ ಋಣ ಪರಿಹಾರ ಕಾನೂನು ಬಂದವು, ಸಾಲದ ಹಗ್ಗ ಕಡಿಯೋಕೆ ನೆರವಾದವು. ಕಾಲ ಕೆಳಗಿನ ನೆಲ ಮಾತ್ರ ಧಣಿಯದ್ದೇ. ಪೈಪಿನ ಲೆಕ್ಕದಲ್ಲಿ ಹೇಳೋದಾದ್ರೆ, ಎಲ್ಲಿ ಒತ್ತಬೇಕು ಎಲ್ಲಿ ಸಡಿಲ ಬಿಡಬೇಕು ಅಂತ ಅರಸುಗೆ ಚೆನ್ನಾಗಿ ಗೊತ್ತಿತ್ತು. ಕೊಡಗಿನಲ್ಲಿ ಸಡಿಲ ಬಿಟ್ಟರು. ಅದು ಜಾಣತನ. ನ್ಯಾಯ ಅಂತ ನಾನು ಕರೆಯಲ್ಲ.

ಆ ಗೇಟು ಇವತ್ತಿಗೂ ಹಾಗೇ ಇದೆ. 2016ರ ಡಿಸೆಂಬರ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಲೈನ್ ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ ಆದಿವಾಸಿಗಳನ್ನ ಜೆಸಿಬಿ ತಂದು ಎಬ್ಬಿಸಿದರು, ಐನೂರಕ್ಕೂ ಹೆಚ್ಚು ಕುಟುಂಬ. ಅದಾಗಿ ಕೆಲವೇ ವರ್ಷಕ್ಕೆ, ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆ ತನಕ 30 ವರ್ಷದ ಗುತ್ತಿಗೆ ಕೊಡೋ ಹಾಗೆ ಕಂದಾಯ ಕಾನೂನನ್ನೇ ತಿದ್ದಿದರು. ಇನ್ನೊಂದು ಕಡೆ 2020ರ ತಿದ್ದುಪಡಿಯಲ್ಲಿ 79ಎ, 79ಬಿ ಹೋದವು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳೋ ಹಾಗಾಯ್ತು. ಅರಸು ಹೆಸರಲ್ಲಿ ಪ್ರಶಸ್ತಿ ಕೊಡೋ ಪಕ್ಷಗಳೂ ಈ ಗೇಟಿನ ಬಗ್ಗೆ ಮಾತಾಡಲ್ಲ.

ಗೇಟಿನ ಈಚೆ, ಅರಸು ಅವರ ಸ್ವಂತ ಊರಿನ ಕಡೆ ಇನ್ನೊಂದು ಕಥೆ ನಡೀತಿತ್ತು. ಆಗಸ್ಟ್ ತಿಂಗಳಲ್ಲಿ ಮಡಿಕೇರಿ ಬಸ್ಸಿನಲ್ಲಿ ಹೋದವರಿಗೆ ಗೊತ್ತಿರುತ್ತೆ: ಹುಣಸೂರು ದಾಟುತ್ತಿದ್ದ ಹಾಗೆ ಕಿಟಕಿಯಿಂದ ಒಂದು ಸಿಹಿಗಂಪು ಒಳಗೆ ಬರುತ್ತೆ, ಒಣಹುಲ್ಲು ಮತ್ತು ಬೆಲ್ಲ ಸೇರಿದ ಹಾಗೆ. ಹೊಲದ ನಡುವೆ ಎತ್ತರದ ಬ್ಯಾರನ್‌ಗಳು. ಒಳಗೆ ಕಡ್ಡಿಗೆ ಕಟ್ಟಿದ ಹಸಿ ಎಲೆ, ಕೆಳಗೆ ತಗಡಿನ ಕೊಳವೆಗಳಲ್ಲಿ ಬಿಸಿಗಾಳಿ. ಹೊಗೆ ಎಲೆಗೆ ತಾಗಬಾರದು, ಶಾಖ ಮಾತ್ರ ತಾಗಬೇಕು. ಮೊದಲು ಕಡಿಮೆ ಶಾಖದಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುದಂಟು. ಐದಾರು ದಿನ ರೈತ ಸರಿಯಾಗಿ ನಿದ್ದೆ ಮಾಡೋ ಹಾಗಿಲ್ಲ. ಶಾಖ ಒಂದಿಷ್ಟು ಬೇಗ ಏರಿದರೆ ಎಲೆ ಹಸಿರಾಗೇ ಉಳಿಯುತ್ತೆ, ರೇಟು ಬಿದ್ದುಹೋಗುತ್ತೆ. ಜಗಲಿಯ ಮೇಲೆ ಪೈಪು ಸೇದೋನಿಗೆ ಬೇಕಾದ ತಾಳ್ಮೆಗಿಂತ ಇದು ದೊಡ್ಡ ತಾಳ್ಮೆ, ಆದರೆ ಇದನ್ನ ಯಾರೂ ಸುಖ ಅಂತ ಕರೆಯಲ್ಲ. ಒದ್ದೆ ಎಲೆ ಕೀಳುವಾಗ ಚರ್ಮದಿಂದಲೇ ನಿಕೋಟಿನ್ ಒಳಗೆ ಹೋಗಿ ವಾಂತಿ, ತಲೆಸುತ್ತು. ಬ್ಯಾರನ್ ಉರಿಸೋಕೆ ಸುತ್ತಲಿನ ಸೌದೆ ಖಾಲಿ.

ತಂಬಾಕು ಮಂಡಳಿ ಕಾಯ್ದೆ ಬಂದದ್ದು 1975ರಲ್ಲಿ, ಮಂಡಳಿ ಗುಂಟೂರಿನಲ್ಲಿ ಶುರುವಾದದ್ದು 1976ರ ಜನವರಿ 1ಕ್ಕೆ. ಕರ್ನಾಟಕದಲ್ಲಿ ಹರಾಜು ಕಟ್ಟೆಗಳು ಬಂದದ್ದು 1984ರಲ್ಲಿ, ಅರಸು ಹೋದ ಮೇಲೆ. ಅಲ್ಲಿಯವರೆಗೆ ಬೆಲೆ ಕಟ್ಟೋದು ಕಂಪನಿಗಳ ಮರ್ಜಿ. ಭೂಮಿ ಉಳುವವನದ್ದಾಯ್ತು, ಆದರೆ ಬೆಳೆಯ ಬೆಲೆ ಉಳುವವನ ಕೈಗೆ ಬರಲಿಲ್ಲ. ಅರಸು ಭೂಸುಧಾರಣೆಯ ಬಗ್ಗೆ ಎಷ್ಟೇ ಹೊಗಳಿದರೂ ಈ ಕೊರತೆ ಉಳಿಯುತ್ತೆ. ಅದನ್ನ ಕೇಳೋಕೆ 1980ರಲ್ಲಿ ರೈತಸಂಘವೇ ಹುಟ್ಟಬೇಕಾಯ್ತು.

ತುರ್ತುಪರಿಸ್ಥಿತಿಯ ಬಗ್ಗೆ ಅರಸು ಅಭಿಮಾನಿಗಳು ಬೇಗ ಬೇಗ ಪುಟ ತಿರುವುತ್ತಾರೆ. ತಿರುವಬಾರದು. ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನ ಇಟ್ಟಿದ್ದು ಬೆಂಗಳೂರಿನ ಜೈಲಿನಲ್ಲಿ. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಉತ್ತರದ ರಾಜ್ಯಗಳಷ್ಟು ಕ್ರೌರ್ಯ ಇಲ್ಲಿ ಆಗಲಿಲ್ಲ ಅನ್ನೋದು ನಿಜ. ಬೀಗದ ಕೈ ಅರಸು ಸರ್ಕಾರದ ಹತ್ತಿರ ಇತ್ತು ಅನ್ನೋದೂ ನಿಜ.

ದೆಹಲಿಯಲ್ಲಿ ಜನತಾ ಸರ್ಕಾರ ಬಂದಾಗ ಅರಸು ಮೇಲಿನ ಭ್ರಷ್ಟಾಚಾರ, ಸ್ವಜನಪಕ್ಷಪಾತದ ಆರೋಪಗಳ ವಿಚಾರಣೆಗೆ ನ್ಯಾಯಮೂರ್ತಿ ಗ್ರೋವರ್ ಆಯೋಗ ನೇಮಕ ಆಯಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, 1977ರ ನವೆಂಬರಿನಲ್ಲಿ ಸೋತಿತು. ಆಯೋಗದ ಮುಂದೆ ಕೆಲವು ಆರೋಪ ನಿಂತವು, ಕೆಲವು ಬಿದ್ದವು. ಡಿಸೆಂಬರ್ 31ಕ್ಕೆ ಅರಸು ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ. ಎರಡು ತಿಂಗಳಲ್ಲಿ ಚುನಾವಣೆ, 224ರಲ್ಲಿ 149 ಸೀಟು, ಮತ್ತೆ ಅರಸು. ಆರಿದ ಪೈಪನ್ನ ಮತ್ತೆ ಹಚ್ಚೋದು ಹೀಗೆ. ಅದೇ ವರ್ಷದ ನವೆಂಬರಿನಲ್ಲಿ, ಸೋತು ಮೂಲೆಗೆ ಸೇರಿದ್ದ ಇಂದಿರಾ ಅವರನ್ನ ಚಿಕ್ಕಮಗಳೂರಿಗೆ ಕರೆತಂದು, ಕಾಫಿ ಸೀಮೆಯ ಕೂಲಿಕಾರರ ವೋಟಿನಿಂದ 70 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆಲ್ಲಿಸಿದರು. ತೋಟದ ಗೇಟಿನ ಒಳಗಿನವರಿಗೆ ಅರಸು ಭೂಮಿ ಕೊಟ್ಟಿರಲಿಲ್ಲ. ಆದರೂ ಅವರು ಅರಸು ಮಾತಿಗೆ ವೋಟು ಕೊಟ್ಟರು. ಈ ಸಾಲು ಬರೆಯುವಾಗ ನನಗೆ ಸ್ವಲ್ಪ ಸಂಕಟ ಆಗುತ್ತೆ.

ಪೈಪು ಹಿಡಿದ ರಾಜಕಾರಣಿಗಳು ಜಗತ್ತಿನಲ್ಲಿ ಬೇಕಾದಷ್ಟು ಜನ. ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಕ್ಯಾಮೆರಾ ಮುಂದೆ ಪೈಪು, ಮನೆಯೊಳಗೆ ಸಿಗಾರು ಸೇದುತ್ತಿದ್ದರು ಅಂತಾರೆ. ಕಷ್ಟದ ಪ್ರಶ್ನೆ ಬಂದಾಗ ಪೈಪು ಹಚ್ಚೋ ನೆಪದಲ್ಲಿ ಅರ್ಧ ನಿಮಿಷ ಸಿಗುತ್ತಿತ್ತು. ಅರಸುಗೂ ಪೈಪು ಇಂಥ ಅರ್ಧ ನಿಮಿಷಗಳನ್ನ ಕೊಟ್ಟಿರಬೇಕು. 1979ರಲ್ಲಿ ಮಾತ್ರ ಅದು ಸಿಗಲಿಲ್ಲ. ಮುಖ್ಯಮಂತ್ರಿ ಸ್ಥಾನ, ರಾಜ್ಯ ಕಾಂಗ್ರೆಸ್ ಅಧ್ಯಕ್ಷ ಸ್ಥಾನ ಎರಡನ್ನೂ ಅವರೇ ಹಿಡಿದಿದ್ದರು. ಒಂದನ್ನ ಬಿಡಿ ಅಂತ ದೆಹಲಿ ಕೇಳಿತು. ಸಂಜಯ ಗಾಂಧಿ ಮತ್ತೆ ಎದ್ದು ಬರ್ತಿರೋದು ಅರಸುಗೆ ಹಿಡಿಸಲಿಲ್ಲ. ಕೇಂದ್ರದಲ್ಲಿ ಮೊರಾರ್ಜಿ ಸರ್ಕಾರ ಅಲ್ಲಾಡ್ತಿತ್ತು, ಇಂದಿರಾ ಇನ್ನೂ ಅಧಿಕಾರದ ಹೊರಗೆ, ತಾನೇ ಒಂದು ರಾಷ್ಟ್ರೀಯ ಕಾಂಗ್ರೆಸ್ ಕಟ್ಟಬಹುದು ಅನ್ನಿಸಿತು. ಜೂನಿನಲ್ಲಿ ಉಚ್ಚಾಟನೆ ಆಯ್ತು, ಇವರ ಹೆಸರಲ್ಲೇ ಕಾಂಗ್ರೆಸ್ (ಅರಸು) ಹುಟ್ಟಿತು. ಹದಿನಾರು ವರ್ಷ ಕಾದ ಮನುಷ್ಯ ಆರು ತಿಂಗಳು ಕಾಯಲಿಲ್ಲ. ತತ್ವದ ದೃಷ್ಟಿಯಿಂದ ಅರಸು ಸರಿ ಇದ್ದರು ಅನ್ನೋದು ನನ್ನ ಅಭಿಪ್ರಾಯ. ಸಂಜಯ ಗಾಂಧಿಗೆ ಬಗ್ಗದೇ ಇರೋದು ಸಣ್ಣ ವಿಷಯ ಅಲ್ಲ. ಆದರೆ ಜೋರಾಗಿ ಎಳೆದರು, ಬಟ್ಟಲು ಸುಟ್ಟಿತು.

1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸೀಟು ಇಂದಿರಾ ಪಾಲು. ಅರಸು ಅವರೇ ಹುಡುಕಿ ತಂದ ಜನ, ಅವರೇ ಟಿಕೆಟ್ ಕೊಟ್ಟ ಶಾಸಕರು ಹಿಂಡುಹಿಂಡಾಗಿ ಆ ಕಡೆ ನಡೆದರು. ಅರಸು ರಾಜೀನಾಮೆ ಕೊಟ್ಟರು. ಜನವರಿ 12ಕ್ಕೆ ಅವರ ಕುರ್ಚಿಯಲ್ಲಿ ಕೂತವರು ಅವರದೇ ಸಂಪುಟದಲ್ಲಿ ಬೆಳೆದ, ಸಂಜಯ ಗಾಂಧಿಗೆ ಹತ್ತಿರವಾಗಿದ್ದ ಗುಂಡೂರಾವ್. ಕೊಡಗು ಕರ್ನಾಟಕಕ್ಕೆ ಕೊಟ್ಟ ಒಬ್ಬನೇ ಮುಖ್ಯಮಂತ್ರಿ. ನಿಧಾನ ಅನ್ನೋದು ಅವರ ಜಾಯಮಾನವೇ ಅಲ್ಲ. ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಆಮೇಲೆ ಗೋಕಾಕ್ ಚಳವಳಿ ಇಡೀ ರಾಜ್ಯವನ್ನ ಬೀದಿಗೆ ತಂದಿತು.

ಅರಸು ಸುಮ್ಮನೆ ಕೂರಲಿಲ್ಲ. ಅರವತ್ತಾರರ ವಯಸ್ಸಿನಲ್ಲಿ, ಕೈಯಲ್ಲಿ ಅಧಿಕಾರ ಇಲ್ಲದೆ, ಬಿಟ್ಟುಹೋದವರಲ್ಲಿ ಕೆಲವರನ್ನ ಮತ್ತೆ ಸೇರಿಸಿಕೊಂಡು ಕರ್ನಾಟಕ ಕ್ರಾಂತಿರಂಗ ಕಟ್ಟಿದರು. ಮತ್ತೆ ತಳದಿಂದ, ಸಡಿಲವಾದ ಮೊದಲ ಪದರದಿಂದ ಶುರು. ಅದು ಹೊತ್ತಿಕೊಳ್ಳೋದನ್ನ ನೋಡೋಕೆ ಅವರು ಇರಲಿಲ್ಲ. 1982ರ ಜೂನ್ 6ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಏಳು ತಿಂಗಳಾದ ಮೇಲೆ, 1983ರ ಜನವರಿಯಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ ಚುನಾವಣೆಗೆ ನಿಂತವು. ಕರ್ನಾಟಕದಲ್ಲಿ ಮೊದಲ ಬಾರಿ ಕಾಂಗ್ರೆಸ್ ಸೋತಿತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. ಕೊಡಗಿನ ಸೋಮವಾರಪೇಟೆ ಕ್ಷೇತ್ರದಲ್ಲಿ, ಸ್ವಂತ ಊರಿನವರ ವೋಟಿನಲ್ಲೇ, ಮುಖ್ಯಮಂತ್ರಿ ಗುಂಡೂರಾವ್ ಕೂಡ ಸೋತರು.